ಕಣ್ಣಿಗೆ ತಿಳಿಯದ ವೇಗ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬೈಕ್ ರೇಸಿನ ಬಗ್ಗೆ ಎರಡು ಮಾತು ಹೇಳಬೇಕೆಂದು ಮಕ್ಕಳು ಕೇಳಿದ್ದಾರೆ. ನಾನು ಚಾಂಪಿಯನ್ ಅಲ್ಲ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ತರಬೇತಿ ಪಡೆದು ಕೆಲವು ವರ್ಷ ಓಡಿಸಿದವನು. ಅಲ್ಲಿ ಕಲಿತ ಮುಖ್ಯ ಪಾಠ ಒಂದೇ: ನಮ್ಮ ಕಣ್ಣಿನ ಅಂದಾಜನ್ನು ನಂಬಿ ವೇಗ ನಿರ್ಧರಿಸಬಾರದು.

ಆ ಟ್ರ್ಯಾಕು ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರ್. ರೇಸಿನಲ್ಲಿ ಸ್ಪೀಡೋಮೀಟರ್ ನೋಡಲು ಪುರಸೊತ್ತಿರುವುದಿಲ್ಲ; ಎಷ್ಟೋ ಬೈಕುಗಳಲ್ಲಿ ಅದು ಇರುವುದೂ ಇಲ್ಲ. ಹಾಗಾದರೆ ತಿರುವಿಗೆ ವೇಗ ಎಷ್ಟಿರಬೇಕೆಂದು ತಿಳಿಯುವುದು ಹೇಗೆ? ಗುರುತುಗಳಿಂದ. ತಿರುವಿಗೆ ಮೊದಲೇ ದೂರ ತೋರಿಸುವ ಫಲಕಗಳಿರುತ್ತವೆ. ಮೊದಲ ಸುತ್ತುಗಳಲ್ಲಿ ಬಹಳ ಮುಂಚೆಯೇ ಬ್ರೇಕ್ ಹಿಡಿಯುತ್ತೇವೆ. ಆಮೇಲೆ ಸುತ್ತಿನಿಂದ ಸುತ್ತಿಗೆ ಒಂದೆರಡು ಮೀಟರಿನಂತೆ ತಡಮಾಡುತ್ತೇವೆ. ಗೇರು ಯಾವುದು, ಎಂಜಿನ್ ಸದ್ದು ಹೇಗಿದೆ, ಎದೆಗೆ ಗಾಳಿ ಎಷ್ಟು ಬಡಿಯುತ್ತಿದೆ ಎಂಬುದೆಲ್ಲ ಸೇರಿ ಅಂದಾಜು ಕೂಡುತ್ತದೆ. ಒಂದೇ ತಿರುವನ್ನು ನೂರಾರು ಸಲ ದಾಟಿದ ಮೇಲೆ ಬರುವ ಅಂದಾಜು ಅದು.

ಅಷ್ಟಾದರೂ ಕಣ್ಣು ಮೋಸ ಮಾಡುತ್ತದೆ. ನೇರ ದಾರಿಯಲ್ಲಿ 140ರಲ್ಲಿ ಬಂದು 80ಕ್ಕೆ ಇಳಿಸಿದರೆ ಬೈಕು ತೆವಳುತ್ತಿದೆ ಅನಿಸುತ್ತದೆ, ಏಕೆಂದರೆ ಕಣ್ಣು ಹೆಚ್ಚಿನ ವೇಗಕ್ಕೆ ಒಗ್ಗಿಬಿಟ್ಟಿರುತ್ತದೆ. ಪಕ್ಕದಲ್ಲಿ ಮರ, ಕಂಬಗಳಿಲ್ಲದ ಅಗಲ ದಾರಿಯಲ್ಲೂ ವೇಗ ಕಡಿಮೆ ಇದ್ದಂತೆ ಕಾಣುತ್ತದೆ.

ಈಗ ನಮ್ಮ ತೀರ್ಥಹಳ್ಳಿ–ಆಗುಂಬೆ ರಸ್ತೆಗೆ ಬನ್ನಿ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಅಪಾಯವಿದ್ದರೆ ಬಾವುಟ ತೋರಿಸುವವರಿದ್ದಾರೆ, ಆಂಬುಲೆನ್ಸ್ ಸಿದ್ಧವಿರುತ್ತದೆ. ಇಲ್ಲಿ ನಿನ್ನೆ ಖಾಲಿಯಿದ್ದ ತಿರುವಿನಲ್ಲಿ ಇವತ್ತು ದನ ಮಲಗಿರಬಹುದು, ಲಾರಿ ಕೆಟ್ಟು ನಿಂತಿರಬಹುದು, ಶಾಲೆಗೆ ಹೊರಟ ಮಗು ದಾಟುತ್ತಿರಬಹುದು. ದಿನಾ ಓಡಾಡುವ ದಾರಿ ಎಂಬ ಧೈರ್ಯ ಸಾಲದು.

ವಿಜ್ಞಾನದ ಲೆಕ್ಕ ನೋಡಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. 72 ಎಂದರೆ 20 ಮೀಟರ್. ದನ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೇವೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ನಮ್ಮ ಮಳೆಗಾಲದ ರಸ್ತೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗವೇ ಸರಿಯಾದ ವೇಗ.

ವೇಗದ ಆಸೆ ಕೆಟ್ಟದ್ದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ನಿಮ್ಮಲ್ಲೂ ಅಂಥವರಿರಬಹುದು. ಆದರೆ ಆ ಆಸೆಗೆ ಟ್ರ್ಯಾಕೇ ಜಾಗ, ಊರಿನ ರಸ್ತೆಯಲ್ಲ.

ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿ. ಹೆಲ್ಮೆಟ್ ಹಾಕಿಕೊಂಡು ಅಪ್ಪಯ್ಯನ ಹಿಂದೆ ಕೂತು ಹೋಗುವಾಗ ವೇಗ ಎಷ್ಟಿರಬಹುದೆಂದು ಮನಸ್ಸಿನಲ್ಲೇ ಅಂದಾಜು ಮಾಡಿ, ಆಮೇಲೆ ಭುಜದ ಮೇಲಿಂದ ಮೀಟರ್ ನೋಡಿ. ಎಷ್ಟು ಸಲ ಸರಿ ಬರುತ್ತದೆಂದು ಎಣಿಸಿ. ಮುಂದೆ ಹ್ಯಾಂಡಲ್ ನಿಮ್ಮ ಕೈಗೆ ಬಂದಾಗ ಆ ಲೆಕ್ಕ ನಿಮ್ಮನ್ನು ಕಾಯುತ್ತದೆ.