ಅಧ್ಯಕ್ಷರು ಕಣದಿಂದ ಸರಿದರೆ ಪಕ್ಷದ ಗತಿಯೇನು?



ಮತ್ತೆ ಸ್ಪರ್ಧಿಸುವ ಅವಕಾಶವಿದ್ದೂ ಅಮೆರಿಕದ ಹಾಲಿ ಅಧ್ಯಕ್ಷರು ಹಿಂದೆ ಸರಿದರೆ ಅವರ ಪಕ್ಷದ ಗತಿಯೇನು? 2024ರ ಜುಲೈ 21ರಂದು ಜೋ ಬೈಡನ್ ಕಣದಿಂದ ನಿರ್ಗಮಿಸಿದಾಗ ಈ ಪ್ರಶ್ನೆ ಜಗತ್ತಿನಾದ್ಯಂತ ಕೇಳಿಬಂತು. ಮುಖ ಬದಲಾದರೆ ಪಕ್ಷ ಪಾರಾಗುತ್ತದೆಂದು ಕೆಲವರು, ಹಾಲಿ ಅಧ್ಯಕ್ಷರಿಲ್ಲದೆ ಸೋಲು ಖಚಿತವೆಂದು ಇನ್ನು ಕೆಲವರು ವಾದಿಸಿದರು. ಇತಿಹಾಸವನ್ನು ಪರಿಶೀಲಿಸಿದರೆ ಎರಡೂ ವಾದಗಳು ಅಪೂರ್ಣವೆಂದು ನಮಗೆ ಮನವರಿಕೆಯಾಗುತ್ತದೆ.

1927ರಲ್ಲಿ ರಿಪಬ್ಲಿಕನ್ ಪಕ್ಷದ ಕ್ಯಾಲ್ವಿನ್ ಕೂಲಿಜ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದರು. ಅದು ಸಮೃದ್ಧಿಯ ಕಾಲವಾಗಿತ್ತು. ಮರುವರ್ಷ ಅದೇ ಪಕ್ಷದ ಹರ್ಬರ್ಟ್ ಹೂವರ್ 531 ಚುನಾಯಕ ಮತಗಳಲ್ಲಿ 444ನ್ನು ಗಳಿಸಿದರು. ಅಂದರೆ, ಅಧ್ಯಕ್ಷರ ನಿರ್ಗಮನವೊಂದೇ ಪಕ್ಷವನ್ನು ಸೋಲಿಸದು.

ಆದರೆ 1952ರಲ್ಲಿ ಹ್ಯಾರಿ ಟ್ರೂಮನ್ ಸರಿದು ನಿಂತಾಗ ಕೊರಿಯಾ ಯುದ್ಧ ಮುಗಿದಿರಲಿಲ್ಲ. ಡೆಮಾಕ್ರಟಿಕ್ ಪಕ್ಷದ ಇಪ್ಪತ್ತು ವರ್ಷಗಳ ಆಡಳಿತ ಅಂದು ಕೊನೆಗೊಂಡಿತು. 1968ರ ಮಾರ್ಚ್ 31ರಂದು ಲಿಂಡನ್ ಜಾನ್ಸನ್ ಹಿಂದೆ ಸರಿದಾಗಲೂ ವಿಯೆಟ್ನಾಂ ಹೊತ್ತಿ ಉರಿಯುತ್ತಿತ್ತು. ಅವರ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಆ ಯುದ್ಧನೀತಿಯಿಂದ ತುಸು ದೂರ ಸರಿಯಲು ಸೆಪ್ಟೆಂಬರ್ ಕೊನೆಯವರೆಗೆ ಕಾದರು. ಬಳಿಕ ಅವರು ಚೇತರಿಸಿಕೊಂಡರಾದರೂ ಕಾಲ ಮಿಂಚಿತ್ತು. ಶೇಕಡಾ ಒಂದಕ್ಕಿಂತಲೂ ಕಡಿಮೆ ಮತಗಳ ಅಂತರದಲ್ಲಿ ನಿಕ್ಸನ್ ಗೆದ್ದರು.

2024ರಲ್ಲಿ ಕಮಲಾ ಹ್ಯಾರಿಸ್ ಅವರಿಗೆ ದೊರೆತದ್ದು 107 ದಿನಗಳು ಮಾತ್ರ. ಬೈಡನ್‌ಗಿಂತ ಭಿನ್ನವಾಗಿ ಏನು ಮಾಡುತ್ತಿದ್ದಿರೆಂಬ ಪ್ರಶ್ನೆಗೆ ತಮಗೇನೂ ತೋಚುತ್ತಿಲ್ಲವೆಂದು ಅವರು ಉತ್ತರಿಸಿದರು. ಬೆಲೆಯೇರಿಕೆಯಿಂದ ಬೇಸತ್ತಿದ್ದ ಜನರಿಗೆ, ಗಾಝಾದ ಮಕ್ಕಳಿಗಾಗಿ ಮರುಗುತ್ತಿದ್ದವರಿಗೆ ಈ ಉತ್ತರ ಹೇಗೆ ಕೇಳಿಸಿರಬಹುದು? ಟ್ರಂಪ್ 312, ಹ್ಯಾರಿಸ್ 226 ಚುನಾಯಕ ಮತಗಳನ್ನು ಪಡೆದರು. ಪಾತ್ರೆಯನ್ನು ತೊಳೆಯದೆ ಹಾಲನ್ನು ಮಾತ್ರ ಬದಲಿಸಿದರೆ ಹೊಸ ಹಾಲೂ ಒಡೆಯುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ವರ್ಷದ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯದ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಅಧಿಕ ಮಂದಿ ಯಾವ ಅಭ್ಯರ್ಥಿಗೂ ಬದ್ಧರಲ್ಲವೆಂದು ಮತ ನೀಡಿದರು. ಗಾಝಾ ಕುರಿತ ನೀತಿಯನ್ನು ಬದಲಿಸಿರೆಂಬ ಎಚ್ಚರಿಕೆ ಅದಾಗಿತ್ತು. ಪಕ್ಷ ಅದಕ್ಕೆ ಕಿವಿಗೊಡಲಿಲ್ಲ. ನವೆಂಬರ್‌ನಲ್ಲಿ, ಅರಬ್ ಮೂಲದವರೇ ಅಧಿಕವಾಗಿರುವ ಡಿಯರ್‌ಬಾರ್ನ್ ನಗರದಲ್ಲಿ ಹ್ಯಾರಿಸ್ ಅವರು ಟ್ರಂಪ್‌ಗಿಂತ ಹಿಂದುಳಿದರು.

ಹಾಗಾದರೆ ಆ ಮತದಾರರು ಗೆದ್ದರೇ? ಇಲ್ಲ. 2025ರ ಫೆಬ್ರವರಿಯಲ್ಲಿ ಟ್ರಂಪ್ ಗಾಝಾವನ್ನು ಅಮೆರಿಕವೇ ವಶಪಡಿಸಿಕೊಳ್ಳಬೇಕು, ಅಲ್ಲಿನ ಜನರನ್ನು ಬೇರೆಡೆಗೆ ಸ್ಥಳಾಂತರಿಸಬೇಕು ಎಂದರು. ಶಿಕ್ಷೆ ಪಕ್ಷಕ್ಕೆ ತಗಲಿತು. ಪರಿಹಾರ ಸಂತ್ರಸ್ತರಿಗೆ ದೊರೆಯಲಿಲ್ಲ.

ಕೋಪದ ಮತ ಅಧಿಕಾರಸ್ಥರನ್ನು ಕೆಳಗಿಳಿಸಬಲ್ಲದು. ಆದರೆ ನೀತಿಯನ್ನು ಬದಲಿಸಲು ಅದೊಂದೇ ಸಾಲದು. ಅಭ್ಯರ್ಥಿ ಯಾರೆಂದು ನಿರ್ಧಾರವಾಗುವ ಮೊದಲೇ, ಪಕ್ಷಕ್ಕೆ ಇನ್ನೂ ದಾರಿ ಬದಲಿಸಲು ಸಮಯವಿರುವಾಗಲೇ, ಮತದಾರರು ಸಂಘಟಿತರಾಗಿ ಪ್ರಶ್ನಿಸಬೇಕು. ಪಕ್ಷವೂ ಆ ಪ್ರಶ್ನೆಗೆ ಉತ್ತರಿಸಬೇಕು. ಯಾರು ಸರಿಯುತ್ತಾರೆ, ಯಾರು ಬರುತ್ತಾರೆ ಎಂದು ಕೇಳುವ ಮುನ್ನ, ಏನು ಬದಲಾಗುತ್ತದೆಂದು ಕೇಳುವುದನ್ನು ನಾವು ರೂಢಿಸಿಕೊಳ್ಳೋಣ.