ಅಟ್ಟದ ಮೇಲಿನ ಕ್ಯಾಸೆಟ್ಟು



ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ತಳದಲ್ಲೋ ದಪ್ಪ ಪುಸ್ತಕದಂಥ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದು ಬಿದ್ದಿರಬಹುದು. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಯಾವುದೋ ಸಿನಿಮಾದ ಹೆಸರು ಬರೆದು, ಅದನ್ನು ಹೊಡೆದುಹಾಕಿ, 'ಅತ್ತೆಯ ಮದುವೆ' ಎಂದು ಮತ್ತೆ ಬರೆದಿರುತ್ತಾರೆ. ಅದೇ ವಿಡಿಯೋ ಕ್ಯಾಸೆಟ್ಟು. ಬೇಕೆಂದ ಚಿತ್ರವನ್ನು ಬೇಕೆಂದಾಗ ಮೊಬೈಲಿನಲ್ಲೇ ನೋಡುವ ನಿಮಗೆ ಅದು ಬರೀ ಕಸವೆನಿಸಿದರೆ ಆಶ್ಚರ್ಯವಿಲ್ಲ. ಇವತ್ತು ಆ ಕಸದ ಬಗ್ಗೆಯೇ ಮಾತನಾಡೋಣ. ಎಸೆಯುವ ಮೊದಲು ಅದರಲ್ಲಿ ಏನಿದೆ ಎಂದು ನೋಡಿಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.

ನನ್ನದು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು. 1980ರ ದಶಕದ ಕೊನೆಯಲ್ಲಿ ನಮ್ಮಲ್ಲಿ ಟಿ.ವಿ. ಇದ್ದ ಮನೆಗಳೇ ಕಡಿಮೆ, ವಿಡಿಯೋ ಯಂತ್ರದ ಮಾತಂತೂ ದೂರ. ಆದರೆ ಚನ್ನಪಟ್ಟಣದ ಪೇಟೆಯಲ್ಲಿ ಅದು ಬಾಡಿಗೆಗೆ ಸಿಗುತ್ತಿತ್ತು. ಗಣೇಶನ ಹಬ್ಬ ಬಂತೆಂದರೆ ಹುಡುಗರು ಚಂದಾ ಎತ್ತಿ ಒಂದು ಟಿ.ವಿ., ಒಂದು ವಿ.ಸಿ.ಪಿ., ಮೂರು ಕ್ಯಾಸೆಟ್ಟು ತರುತ್ತಿದ್ದರು. ರೇಷ್ಮೆಹುಳು ಸಾಕುವವರ ಮನೆಯ ಮುಂದೆ ಒರಗಿಸಿಟ್ಟ ಚಂದ್ರಿಕೆಗಳನ್ನು ಸರಿಸಿ, ಜಗುಲಿಯ ಮೇಲೆ ಟಿ.ವಿ. ಕೂರಿಸಿದರೆ ಬೀದಿಯೇ ಟೆಂಟ್ ಸಿನಿಮಾ. ಮೊದಲನೆಯದು ರಾಜ್‌ಕುಮಾರ್ ಚಿತ್ರವೇ ಆಗಬೇಕು, ಅದರಲ್ಲಿ ಚರ್ಚೆಗೆ ಎಡೆಯಿರಲಿಲ್ಲ. ಎರಡನೆಯದಕ್ಕೆ ಜಗಳ. ಮೂರನೆಯದು ಶುರುವಾಗುವ ಹೊತ್ತಿಗೆ ನಮ್ಮಂಥ ಮಕ್ಕಳೆಲ್ಲ ನಿದ್ದೆಹೋಗಿರುತ್ತಿದ್ದೆವು. ನಡುವೆ ಕರೆಂಟು ಹೋದರೆ ಚಿತ್ರ ನಿಲ್ಲುವುದಷ್ಟೇ ಅಲ್ಲ, ಕ್ಯಾಸೆಟ್ಟು ಯಂತ್ರದ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಕರೆಂಟಿಲ್ಲದೆ ಅದನ್ನು ಹೊರಕ್ಕೆ ತೆಗೆಯುವಂತಿಲ್ಲ, ಬೆಳಗ್ಗೆ ಅಂಗಡಿಗೆ ಹಿಂದಿರುಗಿಸದಿದ್ದರೆ ಇನ್ನೊಂದು ದಿನದ ಬಾಡಿಗೆ!

ಆ ಅಂಗಡಿಗಳನ್ನು ನೆನೆದು ಈಗ ಹಲವರು ನಿಟ್ಟುಸಿರು ಬಿಡುತ್ತಾರೆ. ಅದಕ್ಕೆ ಕಾರಣವೂ ಇದೆ. ಅಂಗಡಿಯಾತನಿಗೆ ಯಾರ ಮನೆಯಲ್ಲಿ ಯಾವ ಚಿತ್ರ ಹಿಡಿಸುತ್ತದೆಂದು ಗೊತ್ತಿರುತ್ತಿತ್ತು. "ಇದು ಬೇಡ, ಅಜ್ಜಿ ಜೊತೆ ಕೂತು ನೋಡೋ ಹಾಗಿಲ್ಲ" ಎಂದು ಆತನೇ ಕ್ಯಾಸೆಟ್ಟನ್ನು ವಾಪಸು ಇಟ್ಟುಕೊಳ್ಳುತ್ತಿದ್ದ. ಆದರೆ ನಿಜ ಹೇಳಬೇಕಲ್ಲ, ಆ ಕಪಾಟಿನ ಬಹುಪಾಲು ಕಳ್ಳಪ್ರತಿಗಳು. ಹೊಸ ಚಿತ್ರ ಥಿಯೇಟರಿನಲ್ಲಿ ಓಡುತ್ತಿರುವಾಗಲೇ ಕ್ಯಾಸೆಟ್ಟಾಗಿ ಬಂದು ನಿರ್ಮಾಪಕನ ಹೊಟ್ಟೆಯ ಮೇಲೆ ಹೊಡೆಯುತ್ತಿತ್ತು. 1984ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದದ್ದು ಬಹುಮಟ್ಟಿಗೆ ಈ ಹಾವಳಿಯನ್ನು ತಡೆಯಲೆಂದೇ.

ಇನ್ನು ಯಂತ್ರದ ವಿಷಯ. ನಾನು ಓದಿದ್ದು ವಿಜ್ಞಾನ, ಆದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಜಪಾನಿನ ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸನ್ನೂ ಜೆ.ವಿ.ಸಿ. ಕಂಪನಿ 1976ರಲ್ಲಿ ವಿ.ಎಚ್.ಎಸ್. ಅನ್ನೂ ಮಾರುಕಟ್ಟೆಗೆ ತಂದವು. ನಮ್ಮ ಅಟ್ಟಗಳ ಮೇಲಿರುವುದು ಹೆಚ್ಚಾಗಿ ವಿ.ಎಚ್.ಎಸ್. ಅದರ ಟೇಪು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ, ಮೇಲೆ ಕಾಂತೀಯ ಪುಡಿಯ ಲೇಪ. ಹಾಡಿನ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಿದರೆ, ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ವಿಡಿಯೋ ಟೇಪು ಓಡುವುದು 2.34 ಸೆಂಟಿಮೀಟರ್ ಮಾತ್ರ, ಅಂದರೆ ಅದರ ಅರ್ಧ! ಆದರೆ ಚಿತ್ರಕ್ಕೆ ಬೇಕಾದ ಮಾಹಿತಿ ಶಬ್ದಕ್ಕಿಂತ ನೂರಾರು ಪಟ್ಟು ಹೆಚ್ಚು. ಇದು ಹೇಗೆ ಸಾಧ್ಯ?

ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿದ್ದೀರಾ? ಅರಗಿನ ಕಡ್ಡಿಯನ್ನು ಮೆಲ್ಲಗೆ ಸರಿಸುತ್ತಾರೆ, ತಿರುಗುವ ಮರ ಭರ್ರನೆ ತಿರುಗುತ್ತಿರುತ್ತದೆ. ಕಡ್ಡಿ ಒಂದು ಬೆರಳಿನಷ್ಟು ಸರಿಯುವುದರೊಳಗೆ ಮರದ ಮೇಲೆ ಎಷ್ಟೋ ಅಡಿ ಉದ್ದದ ಬಣ್ಣದ ಗೆರೆ ಸುತ್ತಿಕೊಂಡಿರುತ್ತದೆ. ವಿಡಿಯೋ ಯಂತ್ರದ ಗುಟ್ಟೂ ಅದೇ. ಒಳಗೆ 62 ಮಿಲಿಮೀಟರ್ ಅಡ್ಡಳತೆಯ, ತುಸು ಓರೆಯಾಗಿ ನಿಲ್ಲಿಸಿದ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಮೈಗೆ ಕೂರಿಸಿದ ಹೆಡ್ಡುಗಳು ಟೇಪಿನ ಮೇಲೆ ಓರೆ ಓರೆಯಾಗಿ ಗೆರೆ ಎಳೆಯುತ್ತವೆ. ಟೇಪಿನ ನಡಿಗೆ ಆಮೆಯದಾದರೂ ಹೆಡ್ಡು ಅದರ ಮೇಲೆ ಹಾಯುವ ವೇಗ ಸೆಕೆಂಡಿಗೆ ಸುಮಾರು 4.8 ಮೀಟರ್. ಒಂದೊಂದು ಗೆರೆಯೂ ಅರ್ಧ ಚಿತ್ರ, ಸೆಕೆಂಡಿಗೆ ಅಂಥ 50 ಗೆರೆ. ಲೆಕ್ಕ ಹಾಕಿ ನೋಡಿ, ಮೂರು ಗಂಟೆಯ ಸಿನಿಮಾ ಸುಮಾರು 250 ಮೀಟರ್ ಟೇಪಿನಲ್ಲಿ ಮುಗಿಯುತ್ತದೆ.

ವಿ.ಸಿ.ಪಿ. ಚಿತ್ರ ತೋರಿಸಬಲ್ಲದು ಅಷ್ಟೆ. ವಿ.ಸಿ.ಆರ್. ಆದರೆ ಟಿ.ವಿ.ಯಲ್ಲಿ ಬಂದದ್ದನ್ನು ಹಿಡಿದಿಡಲೂ ಬಲ್ಲದು. ಇದು ಸಣ್ಣ ಮಾತಲ್ಲ. ಅದಕ್ಕೆ ಮೊದಲು ಕಾರ್ಯಕ್ರಮ ತಪ್ಪಿದರೆ ತಪ್ಪಿತು, ಮರುಪ್ರಸಾರವಾದರೆ ಪುಣ್ಯ. ಮನೆಯಲ್ಲಿ ಹೀಗೆ ಮುದ್ರಿಸಿಕೊಳ್ಳುವುದು ಕಳ್ಳತನವೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಮೇಲೆ ನೋಡಲೆಂದು ಮನೆಮಂದಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು 1984ರ ಜನವರಿಯಲ್ಲಿ ತೀರ್ಪು ಬಂತು, ಅದೂ ಐದಕ್ಕೆ ನಾಲ್ಕು ಮತಗಳಿಂದ. ನಮ್ಮಲ್ಲಿ 1987ರಲ್ಲಿ 'ರಾಮಾಯಣ' ಶುರುವಾದ ಮೇಲೆ, ವಿ.ಸಿ.ಆರ್. ಇದ್ದ ಮನೆಯವರು ಭಾನುವಾರ ಬೆಳಗ್ಗೆ ಖಾಲಿ ಕ್ಯಾಸೆಟ್ಟು ಹಾಕಿಟ್ಟು ಕಾಯುತ್ತಿದ್ದರು. ಬೆಂಗಳೂರು ದೂರದರ್ಶನದ 'ಚಿತ್ರಮಂಜರಿ'ಯ ಹಾಡುಗಳೂ ಹಾಗೆಯೇ ಮನೆಮನೆಯ ಟೇಪು ಸೇರಿದವು.

ಇಂಥ ಟೇಪುಗಳಿಂದ ಏನು ಪ್ರಯೋಜನ ಎನ್ನುತ್ತೀರಾ? ಟಿ.ವಿ. ನಿರ್ಮಾಣದಲ್ಲಿರುವವನಾಗಿ ಹೇಳುತ್ತೇನೆ: ಬಳಸಿದ ಟೇಪನ್ನು ಅಳಿಸಿ ಮತ್ತೆ ಬಳಸುವುದು ಒಂದು ಕಾಲಕ್ಕೆ ಪ್ರಪಂಚದ ಅನೇಕ ಟಿ.ವಿ. ಕೇಂದ್ರಗಳ ರೂಢಿಯಾಗಿತ್ತು. ಟೇಪಿಗೆ ಬೆಲೆಯಿತ್ತು, ಅದರಲ್ಲಿದ್ದ ಕಾರ್ಯಕ್ರಮಕ್ಕೆ ಇರಲಿಲ್ಲ. ಬಿ.ಬಿ.ಸಿ.ಯ 'ಡಾಕ್ಟರ್ ಹೂ' ಎಂಬ ಜನಪ್ರಿಯ ಧಾರಾವಾಹಿಯ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಹೀಗೆ ಕಾಣೆಯಾಯಿತು. ಆದರೆ ಆ ಎಲ್ಲ ಕಂತುಗಳ ಧ್ವನಿ ಇಂದಿಗೂ ಇದೆ. ಮನೆಯಲ್ಲಿ ಕುಳಿತು ಟೇಪ್ ರೆಕಾರ್ಡರಿನಲ್ಲಿ ಧ್ವನಿ ಹಿಡಿದಿಟ್ಟ ಅಭಿಮಾನಿಗಳ ಕೃಪೆ ಅದು! ಅಮೆರಿಕದ ಫಿಲಡೆಲ್ಫಿಯಾ ನಗರದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ ಮೂವತ್ತು ವರ್ಷಕ್ಕೂ ಮೀರಿ, 2012ರಲ್ಲಿ ತೀರಿಕೊಳ್ಳುವವರೆಗೆ, ಟಿ.ವಿ. ಸುದ್ದಿಯನ್ನು ಹಗಲೂ ರಾತ್ರಿ ಮುದ್ರಿಸಿದರು. ಸುಮಾರು 70,000 ಕ್ಯಾಸೆಟ್ಟು. ಹುಚ್ಚು ಎಂದವರು ಇದ್ದಿರಬಹುದು. ಈಗ ಅದು ಇತಿಹಾಸಕಾರರ ಆಸ್ತಿ. ನಮ್ಮ ನಷ್ಟವೂ ಚಿಕ್ಕದಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ.

ನಮ್ಮ ಸೀಮೆಯದೇ ಉದಾಹರಣೆ ಬೇಕಾದರೆ 'ಶೋಲೆ' ಇದೆ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಅದನ್ನು ತೆಗೆದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು, ಚಿತ್ರದ ಕೊನೆ ಬೇರೆಯಿತ್ತು ಎಂಬುದು. ನಿರ್ದೇಶಕ ರಮೇಶ್ ಸಿಪ್ಪಿ ತೆಗೆದಂತೆ, ಠಾಕೂರ್ ಗಬ್ಬರ್ ಸಿಂಗನನ್ನು ಕೊಂದೇಬಿಡುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ಗಬ್ಬರನನ್ನು ಹಿಡಿದೊಯ್ಯುವ ಹೊಸ ಕೊನೆಯೊಂದಿಗೆ 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಮೊದಲಿನ ಕೊನೆಯನ್ನು ಪ್ರೇಕ್ಷಕರು ಕಂಡದ್ದು ಹದಿನೈದು ವರ್ಷಗಳ ನಂತರ, 1990ರಲ್ಲಿ. ಎಲ್ಲಿ? ಯಾವ ಥಿಯೇಟರಿನಲ್ಲೂ ಅಲ್ಲ, ಬ್ರಿಟನ್ನಿನಲ್ಲಿ ಹೊರಬಂದ ಒಂದು ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ. ಆ ಕೊನೆಯನ್ನೂ ಸೇರಿಸಿ ದುರಸ್ತಿ ಮಾಡಿದ ಪ್ರತಿ ಇಟಲಿಯ ಬೊಲೊನ್ಯಾ ಉತ್ಸವದ ದೊಡ್ಡ ತೆರೆಗೆ ಬರಲು 2025ರ ಜೂನ್‌ವರೆಗೆ ಕಾಯಬೇಕಾಯಿತು. ನಮ್ಮ ಬೆಟ್ಟದ ಕಥೆಯ ಕೊನೆಯನ್ನು ಅಲ್ಲಿಯವರೆಗೆ ಕಾಪಾಡಿದ್ದರಲ್ಲಿ ಪ್ಲಾಸ್ಟಿಕ್ ಡಬ್ಬಿಯ ಪಾಲೂ ಇದೆ.

ಆದರೆ ಆ ಡಬ್ಬಿಯ ಆಯಸ್ಸೂ ತೀರುತ್ತಿದೆ. ಪುಡಿಯನ್ನು ಹಿಡಿದಿರುವ ಅಂಟು ಗಾಳಿಯ ತೇವ ಹೀರಿ ಕೆಡುತ್ತದೆ, ನಮ್ಮ ಮಳೆಗಾಲಕ್ಕೆ ಬೂಸ್ಟೂ ಹಿಡಿಯುತ್ತದೆ. ಓಡಿಸುವ ಯಂತ್ರವೂ ಅಪರೂಪ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು.

ಹಾಗಾಗಿ ಮನೆಯಲ್ಲಿ ಕ್ಯಾಸೆಟ್ಟು ಸಿಕ್ಕರೆ ಆತುರಪಟ್ಟು ಯಂತ್ರಕ್ಕೆ ತುರುಕಬೇಡಿ. ಮೊದಲು ಅದರ ಕಿಟಕಿಯಲ್ಲಿ ಇಣುಕಿ. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಓಡಿಸಿದರೆ ಟೇಪೂ ಹಾಳು, ಯಂತ್ರವೂ ಹಾಳು. ಅದನ್ನು ಬಲ್ಲವರಿಗೇ ಕೊಡಿ. ಬೆನ್ನಿನ ಎಡತುದಿಯಲ್ಲೊಂದು ಪುಟ್ಟ ಪ್ಲಾಸ್ಟಿಕ್ ಚಕ್ಕೆ ಇರುತ್ತದೆ, ಅದನ್ನು ಮುರಿದುಬಿಡಿ. ಆಮೇಲೆ ಯಾರು ತಪ್ಪಿ ಗುಂಡಿ ಒತ್ತಿದರೂ ಹೊಸದಾಗಿ ಮುದ್ರಣವಾಗದು. ವಿ.ಸಿ.ಆರ್.ನಿಂದ ಕಂಪ್ಯೂಟರಿಗೆ ಜೋಡಿಸುವ ಸಣ್ಣ ಸಾಧನ ಸಿಗುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರ ನಡೆಯದು. ಹಾಗೆ ಮಾಡಿದ ಪ್ರತಿಯನ್ನು ಎರಡು ಕಡೆ ಇಡಿ.

ಮದುವೆಯ ಕ್ಯಾಸೆಟ್ಟಾದರೆ ಓಡಿಸುವಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಛತ್ರದಲ್ಲಿ ಊಟಕ್ಕೆ ಕುಳಿತವರು ಯಾರ್‍ಯಾರೆಂದು ಕೇಳಿ ಬರೆದುಕೊಳ್ಳಿ. ಹಾಗೆಯೇ, ವಧೂವರರು ಕಾರು ಹತ್ತಿದ ಕೂಡಲೇ ಯಂತ್ರ ನಿಲ್ಲಿಸಬೇಡಿ. ಹೊಸ ಮುದ್ರಣ ಮುಗಿದಲ್ಲಿಂದ ಮುಂದೆ ಹಳೆಯದು ಅಳಿಯದೆ ಉಳಿದಿರುತ್ತದೆ. ಚೀಟಿಯಲ್ಲಿ ಹೊಡೆದುಹಾಕಿದ ಆ ಸಿನಿಮಾದ ಕೊನೆಯ ಅರ್ಧ ಗಂಟೆಯೋ, ನಡುವೆ ಬಂದ ಜಾಹೀರಾತೋ, ಆ ರಾತ್ರಿಯ ವಾರ್ತೆಯೋ ಅಲ್ಲಿರಬಹುದು.