ಸಕ್ಕರೆ ಕಾಯಿಲೆ ಮತ್ತು ಮನಸ್ಸು: ಹೈನುಗಾರ ಬಂಧುಗಳಿಗೆ ನಾಲ್ಕು ಮಾತು

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಮಹಾಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ಮೂವತ್ತು ವರ್ಷ ಕಾಲ ಇಂತಹ ಸಭೆಗಳಲ್ಲಿ ನಾನು ಮಾತನಾಡಿದ್ದು ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕೃತಕ ಗರ್ಭಧಾರಣೆ, ಹಸಿರು ಮೇವು ಇವುಗಳ ಬಗ್ಗೆ. ಈ ಸಲ ಅಧ್ಯಕ್ಷರು "ಮನುಷ್ಯರ ಆರೋಗ್ಯದ ಬಗ್ಗೆಯೂ ನಾಲ್ಕು ಮಾತು ಹೇಳಿ" ಎಂದಾಗ ಹಿಂಜರಿದೆ. ನಾನು ದನದ ಡಾಕ್ಟರು, ಮನುಷ್ಯರ ಡಾಕ್ಟರಲ್ಲ. ಆದರೆ ಹದಿನಾಲ್ಕು ವರ್ಷಗಳಿಂದ ನಾನೇ ಸಕ್ಕರೆ ಕಾಯಿಲೆಯ ರೋಗಿ. ಆ ಅನುಭವದಿಂದ, ನನಗೆ ಚಿಕಿತ್ಸೆ ಕೊಟ್ಟ ವೈದ್ಯರಿಂದ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಪಟ್ಟಣದವರ ಕಾಯಿಲೆ, ಮೈ ಬಗ್ಗಿಸಿ ದುಡಿಯುವ ನಮಗೆ ಬರುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಹಳ್ಳಿಗಳಲ್ಲಿಯೂ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಜನರಿಗೆ ಇದೆ ಎನ್ನುತ್ತದೆ ಆ ವರದಿ. ಇನ್ನೂರು ಸದಸ್ಯರಿರುವ ಸಂಘದಲ್ಲಿ ಹದಿನೆಂಟು ಮಂದಿ ಎಂದಾಯಿತು.

ಪಥ್ಯ, ಮಾತ್ರೆ, ಇನ್ಸುಲಿನ್, ಕಾಲಿನ ಗಾಯದ ಆರೈಕೆ ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಈ ಹದಿನೆಂಟು ಜನರ ಮನಸ್ಸು ಹೇಗಿದೆ ಎಂದು ಕೇಳುವವರು ಕಡಿಮೆ. ನನ್ನ ಇಂದಿನ ಮಾತು ಅದರ ಬಗ್ಗೆ.

ಹೊರಗೆ ಕಾಣದ ಬಾವು

ನಿಮಗೆಲ್ಲ ಗೊತ್ತಿರುವ ವಿಷಯದಿಂದಲೇ ಆರಂಭಿಸುತ್ತೇನೆ. ಕೆಚ್ಚಲು ಊದಿ, ಕೆಂಪಾಗಿ, ಹಾಲು ಒಡೆದು ಬಂದರೆ ಯಾರು ಬೇಕಾದರೂ ಕೆಚ್ಚಲು ಬಾವು ಎನ್ನುತ್ತಾರೆ. ಆದರೆ ಸುಪ್ತ ಕೆಚ್ಚಲು ಬಾವು ಹಾಗಲ್ಲ. ಕೆಚ್ಚಲು ನೋಡಲು ಚೆನ್ನಾಗಿಯೇ ಇರುತ್ತದೆ, ಹಾಲು ನೋಡಲು ಬೆಳ್ಳಗೇ ಇರುತ್ತದೆ. ದಿನದಿಂದ ದಿನಕ್ಕೆ ಇಳುವರಿ ಮಾತ್ರ ಇಳಿಯುತ್ತದೆ. ರೈತ ಒಮ್ಮೆ ಮೇವನ್ನು ಬೈಯುತ್ತಾನೆ, ಒಮ್ಮೆ ಹಸುವನ್ನು ಬೈಯುತ್ತಾನೆ, ಕೊನೆಗೆ ದೃಷ್ಟಿ ತಾಗಿದೆ ಎನ್ನುತ್ತಾನೆ. ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ತಟ್ಟೆಯಲ್ಲಿ ಹಿಡಿದು ದ್ರಾವಣ ಬೆರೆಸಿ ನೋಡಿದಾಗಲೇ ರೋಗ ಗೊತ್ತಾಗುವುದು.

ಸಕ್ಕರೆ ಕಾಯಿಲೆಯವರ ಮನಸ್ಸಿನ ಖಿನ್ನತೆಯೂ ಹಾಗೆಯೇ. ಸುಸ್ತು, ನಿದ್ದೆ ಕೆಡುವುದು, ಊಟ ಸೇರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಇವನ್ನೆಲ್ಲ "ಶುಗರ್ ಇದೆಯಲ್ಲ, ಇದ್ದದ್ದೇ" ಎಂದು ತಳ್ಳಿಹಾಕುತ್ತೇವೆ. ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಎರಡರಿಂದ ಮೂರು ಪಟ್ಟು ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಅವರಲ್ಲಿ ಬಹುಪಾಲು ಜನರ ಖಿನ್ನತೆ ಪತ್ತೆಯಾಗುವುದೇ ಇಲ್ಲ.

ನನ್ನದೇ ಉದಾಹರಣೆ

ಮೊದಲ ಐದಾರು ವರ್ಷ ನಾನು ಶಿಸ್ತಿನ ರೋಗಿಯಾಗಿದ್ದೆ. ಪುಸ್ತಕದಲ್ಲಿ ಸಕ್ಕರೆಯ ಲೆಕ್ಕ ಬರೆಯುತ್ತಿದ್ದೆ. ಆಮೇಲೆ ಒಂದು ದಿನ ವೈದ್ಯರು "ಮಾತ್ರೆ ಸಾಲದು, ಇನ್ಸುಲಿನ್ ಬೇಕು" ಎಂದರು. ದಿನಕ್ಕೆ ಹತ್ತು ಹಸುಗಳಿಗೆ ಸೂಜಿ ಚುಚ್ಚಿದವನಿಗೆ ತನ್ನ ಹೊಟ್ಟೆಗೆ ಚುಚ್ಚಿಕೊಳ್ಳುವುದೆಂದರೆ ಸೋತುಹೋದಂತೆ ಅನಿಸಿತು. ಇಷ್ಟು ಮಾಡಿಯೂ ಇಷ್ಟೇನಾ ಎಂಬ ಭಾವನೆ ಬಂತು. ಲೆಕ್ಕದ ಪುಸ್ತಕ ಮುಚ್ಚಿಟ್ಟೆ. ಮಾತ್ರೆ ನೆನಪಾದರೆ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಇಲ್ಲ. ಮದುವೆ ಮನೆಗೆ ಹೋಗುವುದನ್ನು ಬಿಟ್ಟೆ, ಏಕೆಂದರೆ ಎಲೆಯ ಮುಂದೆ ಕುಳಿತರೆ ಅಕ್ಕಪಕ್ಕದವರ ಕಣ್ಣೆಲ್ಲ ನನ್ನ ಒಬ್ಬಟ್ಟಿನ ಮೇಲೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ.

ಒಂದು ಸಂಜೆ ನಮ್ಮ ಮನೆಯವರು ಹೇಳಿದರು: "ಊರಿನವರ ಹಸು ಒಂದು ಹೊತ್ತು ಮೇವು ಬಿಟ್ಟರೆ ಓಡಿ ಹೋಗ್ತೀರಿ. ನೀವು ಮನಸ್ಸಿಟ್ಟು ಊಟ ಮಾಡಿ ಎರಡು ತಿಂಗಳಾಯ್ತು. ಅದನ್ನ ಯಾರು ನೋಡಬೇಕು?" ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ಅವರೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ವೈದ್ಯರು ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಆಮೇಲೆ ಪೆನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಿದರು. ಕಳೆದ ಎರಡು ವಾರಗಳಲ್ಲಿ, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ? ಮನಸ್ಸು ಕುಗ್ಗಿ, ಮುಂದೆ ದಾರಿಯೇ ಇಲ್ಲ ಎನಿಸುತ್ತಿದೆಯೇ? ಬಂಧುಗಳೇ, ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅರುವತ್ತರ ಹತ್ತಿರದ ಗಂಡಸು, ಅಲ್ಲಿಯೇ ಕುಳಿತು ಅತ್ತೆ. ಇದನ್ನು ಇಷ್ಟು ಜನರ ಎದುರು ಹೇಳಲು ನಾಚಿಕೆಯಿಲ್ಲ. ನಾನು ನಾಚಿಕೊಂಡರೆ ನಿಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಬೇಸರ ಬೇರೆ, ಖಿನ್ನತೆ ಬೇರೆ

ವೈದ್ಯರು ನನಗೆ ತಿಳಿಸಿದ ಒಂದು ವ್ಯತ್ಯಾಸ ಬಹಳ ಮುಖ್ಯವಾದದ್ದು. ಸಕ್ಕರೆ ಕಾಯಿಲೆಗೆ ರಜೆ ಇಲ್ಲ. ನಮ್ಮ ಹಸುಗಳಿಗೆ ಹಬ್ಬದ ದಿನವೂ ಹಾಲು ಕರೆಯಬೇಕಲ್ಲ, ಹಾಗೆ. ಪ್ರತಿ ತುತ್ತಿಗೂ ಲೆಕ್ಕ, ಪ್ರತಿ ಪರೀಕ್ಷೆಗೂ ಭಯ, ಜೊತೆಗೆ ಔಷಧದ ಖರ್ಚು. ಈ ಹೊರೆಯಿಂದಲೇ ಬರುವ ದಣಿವು, ಸಿಟ್ಟು, ತಪ್ಪಿತಸ್ಥ ಭಾವನೆ ಇವೆ. ಇದನ್ನು ಅಳೆಯಲು ಅಮೆರಿಕದ ಬೋಸ್ಟನ್‌ನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿಯೇ 20 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಇದು ಮಾನಸಿಕ ರೋಗವಲ್ಲ. ಹೊರೆ ಹಗುರ ಮಾಡಿದರೆ, ಕಾಯಿಲೆಯ ಬಗ್ಗೆ ಸರಿಯಾದ ತಿಳಿವಳಿಕೆ ಕೊಟ್ಟರೆ ಬಹುಮಟ್ಟಿಗೆ ಇಳಿಯುತ್ತದೆ.

ಖಿನ್ನತೆ ಇದಕ್ಕಿಂತ ಆಳವಾದದ್ದು. ಅದು ಸಕ್ಕರೆಯ ವಿಷಯಕ್ಕೆ ಮಾತ್ರ ನಿಲ್ಲದೆ ಬದುಕನ್ನೆಲ್ಲ ಆವರಿಸುತ್ತದೆ. ಮೊಮ್ಮಗು ಬಂದು ತೊಡೆಯ ಮೇಲೆ ಕುಳಿತರೂ ಖುಷಿಯಾಗುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಹೀಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ನನಗಿದ್ದದ್ದು ಎರಡೂ.

ಮನಸ್ಸು ಕೆಟ್ಟರೆ ಸಕ್ಕರೆ ಏರುವುದೇಕೆ?

"ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದ್ದವರನ್ನು ಸುಡುತ್ತದೆ" ಎಂದು ಹಿರಿಯರು ಹೇಳುತ್ತಿದ್ದರು. ಅದಕ್ಕೆ ದೇಹದೊಳಗೆ ಕಾರಣವಿದೆ. ಚಿಂತೆ ಹೆಚ್ಚಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಅವು ಪಿತ್ತಜನಕಾಂಗದಿಂದ ಸಕ್ಕರೆಯನ್ನು ಹೊರಹಾಕಿಸುತ್ತವೆ, ಇನ್ಸುಲಿನ್ನಿನ ಕೆಲಸವನ್ನು ಮಂದಗೊಳಿಸುತ್ತವೆ. ಬೆದರಿದ ಹಸು ಸೊರ ಬಿಡುವುದಿಲ್ಲ ಎಂದು ನಿಮಗೆ ಗೊತ್ತು. ಅಲ್ಲಿಯೂ ಕೆಲಸ ಮಾಡುವುದು ಇದೇ ಅಡ್ರಿನಲಿನ್.

ಇದರ ಜೊತೆಗೆ ಮನಸ್ಸು ಕುಗ್ಗಿದವನು ಮಾತ್ರೆ ಮರೆಯುತ್ತಾನೆ, ನಡಿಗೆ ಬಿಡುತ್ತಾನೆ. ಕೆಲವರು ಸಾರಾಯಿ ಹಿಡಿಯುತ್ತಾರೆ. ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯಿಂದ ಸುಸ್ತು, ಕಾಲು ಉರಿ, ಗಂಡಸರಿಗೆ ದಾಂಪತ್ಯದಲ್ಲಿ ತೊಂದರೆ. ಈ ಕೊನೆಯದನ್ನು ಹೆಂಡತಿಯ ಮುಂದೆಯೂ ಹೇಳದೆ, ವೈದ್ಯರ ಮುಂದೆಯೂ ಹೇಳದೆ ಒಳಗೇ ಬೇಯುವವರು ಬಹಳ. ಇದಕ್ಕೂ ಚಿಕಿತ್ಸೆ ಇದೆ, ಕೇಳಬೇಕು ಅಷ್ಟೆ. ಹೀಗೆ ಕಾಯಿಲೆ ಮನಸ್ಸನ್ನು ಕೆಡಿಸುತ್ತದೆ, ಮನಸ್ಸು ಕಾಯಿಲೆಯನ್ನು ಹೆಚ್ಚಿಸುತ್ತದೆ.

ಇನ್ನೊಂದು ಮಾತು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು. ಅದರಿಂದಲೂ ಸುಸ್ತು, ಪಾದದ ಜೋಮು, ಮನಸ್ಸಿನ ಕುಗ್ಗುವಿಕೆ ಬರುತ್ತದೆ. ಥೈರಾಯಿಡ್ ತೊಂದರೆಯಿಂದಲೂ ಹೀಗಾಗುತ್ತದೆ. ಆದ್ದರಿಂದ ಈ ಎರಡು ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬೆಳಗಿನ ಹಾಲು ಕರೆಯುವ ಹೊತ್ತಿನ ಎಚ್ಚರಿಕೆ

ಹೈನುಗಾರರಿಗೆ ವಿಶೇಷವಾಗಿ ಹೇಳಬೇಕಾದದ್ದು ಇದು. ನಸುಕಿನಲ್ಲಿ ಎದ್ದು, ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಏನೂ ತಿನ್ನದೆ ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ಸಂಘಕ್ಕೆ ಬಂದು ಸಾಲಿನಲ್ಲಿ ನಿಲ್ಲುತ್ತೀರಿ. ಆಗ ಮೈ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು, ಕಾರಣವಿಲ್ಲದ ಭಯ ಅಥವಾ ಸಿಟ್ಟು ಬಂದರೆ ಅದು ಸಕ್ಕರೆ ಕುಸಿದ ಲಕ್ಷಣವಿರಬಹುದು. ಆತಂಕದ ಕಾಯಿಲೆಯ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಯಾವುದೆಂದು ತಿಳಿಯುವುದು ಪರೀಕ್ಷೆಯಿಂದ ಮಾತ್ರ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಪರೀಕ್ಷಿಸುವ ಅನುಕೂಲ ಇಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಸುಧಾರಿಸಿದ ಮೇಲೆ ಊಟ ತಿಂಡಿ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಒಮ್ಮೆ ಹೀಗೆ ಕುಸಿದವರು ಮತ್ತೆ ಕುಸಿದೇನು ಎಂಬ ಭಯದಿಂದ ಬೇಕೆಂದೇ ಹೆಚ್ಚು ತಿಂದು ಸಕ್ಕರೆಯನ್ನು ಏರಿಸಿಟ್ಟುಕೊಳ್ಳುತ್ತಾರೆ. ಈ ಭಯವನ್ನು ವೈದ್ಯರಿಗೆ ಹೇಳಿದರೆ ಔಷಧದ ಹೊತ್ತು, ಪ್ರಮಾಣ ಬದಲಿಸಿಕೊಡುತ್ತಾರೆ. ನಮ್ಮ ಕೆಲಸದ ವೇಳೆ ಅವರಿಗೆ ಗೊತ್ತಿರುವುದಿಲ್ಲ, ನಾವೇ ತಿಳಿಸಬೇಕು.

ಚಿಕಿತ್ಸೆ ಇದೆ

ಖಿನ್ನತೆಗೆ ಆಪ್ತಸಲಹೆ, ಬೇಕಾದರೆ ಮಾತ್ರೆ ಎರಡೂ ಇವೆ. ಖಿನ್ನತೆಯ ಮಾತ್ರೆ ನಿದ್ದೆ ಮಾತ್ರೆಯಲ್ಲ, ಚಟ ಹಿಡಿಸುವಂಥದ್ದೂ ಅಲ್ಲ. ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಡಬಾರದು, ಗುಣವಾಯಿತೆಂದು ದಿಢೀರನೆ ನಿಲ್ಲಿಸಲೂಬಾರದು. ಕೆಲವು ಮಾತ್ರೆಗಳಿಂದ ತೂಕ, ಸಕ್ಕರೆ ಏರುಪೇರಾಗುವುದುಂಟು. ಆದ್ದರಿಂದ ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ಹೇಳಬೇಕು.

ಎರಡನ್ನೂ ಒಟ್ಟಿಗೆ ನೋಡಿದರೆ ಪ್ರಯೋಜನ ಹೆಚ್ಚು ಎಂಬುದು ನಮ್ಮ ದೇಶದಲ್ಲಿಯೇ ಸಾಬೀತಾಗಿದೆ. ಬೆಂಗಳೂರು, ಚೆನ್ನೈ, ವಿಶಾಖಪಟ್ಟಣ, ದೆಹಲಿಗಳ ನಾಲ್ಕು ಚಿಕಿತ್ಸಾಲಯಗಳಲ್ಲಿ ಖಿನ್ನತೆಯೂ ಇದ್ದ 404 ಮಧುಮೇಹಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಕಾರ್ಯಕರ್ತರು ಬಿಡದೆ ವಿಚಾರಿಸಿಕೊಂಡು, ತಜ್ಞರ ಸಲಹೆಯಂತೆ ಚಿಕಿತ್ಸೆ ನಡೆಸಿದ ಗುಂಪಿನಲ್ಲಿ ಖಿನ್ನತೆಯ ಜೊತೆಗೆ ಸಕ್ಕರೆ, ರಕ್ತದೊತ್ತಡ ಅಥವಾ ಕೊಬ್ಬಿನಂಶವೂ ಹತೋಟಿಗೆ ಬಂದವರು ಹೆಚ್ಚು ಇದ್ದರು.

ದೂರದ ಊರಿಗೆ ಹೋಗಬೇಕಿಲ್ಲ. ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ, ಯಾವ ದಿನ ಹೋಗಬೇಕೆಂದು ತಿಳಿಸುತ್ತಾರೆ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಮನೆಯವರು ಮಾಡಬೇಕಾದದ್ದು

ತಾಯಂದಿರೇ, ಅಣ್ಣತಮ್ಮಂದಿರೇ, ತಟ್ಟೆಯ ಮುಂದೆ ಪೊಲೀಸರಾಗಬೇಡಿ. "ಮತ್ತೆ ಅನ್ನ ಹಾಕಿಸಿಕೊಂಡೆಯಾ?" ಎಂದು ನಾಲ್ಕು ಜನರ ಎದುರು ಹೇಳಿದರೆ, ಆತ ಕದ್ದು ತಿನ್ನುವುದನ್ನು ಕಲಿಯುತ್ತಾನೆ. ಅದರ ಬದಲು ಮನೆಯವರೆಲ್ಲ ಸೊಪ್ಪು, ಕಾಳು, ತರಕಾರಿ ಹೆಚ್ಚಿಸಿ, ಮುದ್ದೆಯನ್ನೂ ಅನ್ನವನ್ನೂ ಮಿತಿಯಲ್ಲಿ ತಿನ್ನಿ. ಮನೆಯ ಹೆಣ್ಣುಮಗಳಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಎಚ್ಚರಿಕೆ ಬೇಕು. ಆಕೆ ಎಲ್ಲರ ಊಟ, ಹಸುಗಳ ಮೇವು ಮುಗಿದ ಮೇಲೆ ತನ್ನ ಮಾತ್ರೆ ಹುಡುಕುತ್ತಾಳೆ. ಅವಳ ಊಟದ ಹೊತ್ತು ಮನೆಯವರೆಲ್ಲರ ಜವಾಬ್ದಾರಿ.

ಯಾರಾದರೂ "ನಾನಿದ್ದು ಏನು ಪ್ರಯೋಜನ, ನಿಮಗೆಲ್ಲ ಭಾರ" ಎಂದು ಹೇಳತೊಡಗಿದರೆ ತಮಾಷೆ ಎಂದುಕೊಳ್ಳಬೇಡಿ. ಹತ್ತಿರ ಕುಳಿತು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಗಳನ್ನು ಬೀಗದಲ್ಲಿಡಿ, ಇನ್ಸುಲಿನ್ ಮತ್ತು ಮಾತ್ರೆಗಳನ್ನು ನೀವೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಿ. ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಸಂಘ ಮಾಡಬಹುದಾದದ್ದು

ದಿನಕ್ಕೆ ಎರಡು ಸಲ ಊರಿನ ಅರ್ಧ ಮನೆಗಳವರು ಸೇರುವ ಜಾಗ ನಮ್ಮ ಹಾಲಿನ ಡೇರಿ. ಇಂತಹ ಅನುಕೂಲ ಯಾವ ಆಸ್ಪತ್ರೆಗೂ ಇಲ್ಲ. ಹಾಲಿನ ಡಿಗ್ರಿ ಇಳಿದರೆ ಕಾರ್ಯದರ್ಶಿಗಳು ಅದೇ ದಿನ ಕೇಳುತ್ತಾರೆ. ಒಬ್ಬ ಸದಸ್ಯರು ವಾರದಿಂದ ತಾವು ಬರದೆ ಮಗನ ಕೈಯಲ್ಲಿ ಹಾಲು ಕಳಿಸುತ್ತಿದ್ದರೆ ಅದನ್ನೂ ಕೇಳಬೇಕು. ಸಂಘದ ಗೋಡೆಯ ಮೇಲೆ ದರಪಟ್ಟಿಯ ಪಕ್ಕದಲ್ಲಿ 14416 ಎಂದು ದೊಡ್ಡದಾಗಿ ಬರೆಸಿ. ಡಬ್ಬಿಯೊಂದರಲ್ಲಿ ಕಾಲು ಕೆ.ಜಿ. ಸಕ್ಕರೆ ಸದಾ ಇರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಸಕ್ಕರೆ, ರಕ್ತದೊತ್ತಡ ತಪಾಸಣೆ ನಡೆಸುವಾಗ, ನಾನು ಹೇಳಿದ ಆ ಎರಡು ಪ್ರಶ್ನೆಗಳನ್ನೂ ಕೇಳಲು ವಿನಂತಿಸಿ. ಸಕ್ಕರೆ ಕಾಯಿಲೆಯವರು ಬೆಳಗಿನ ಹಾಲು ಹಾಕಿ, ತಿಂಡಿ ತಿಂದ ಮೇಲೆ ನಾಲ್ಕೈದು ಜನ ಸೇರಿ ಅರ್ಧ ಗಂಟೆ ನಡೆಯಿರಿ. ಕಾಲಿಗೂ ಒಳ್ಳೆಯದು, ಮಾತಿಗೂ ಜೊತೆ ಸಿಗುತ್ತದೆ.

ಬಂಧುಗಳೇ, ನಾನು ಈಗ ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಖಿನ್ನತೆಯ ಮಾತ್ರೆಯನ್ನು ವೈದ್ಯರು ಒಂದು ವರ್ಷದ ಮೇಲೆ ನಿಧಾನವಾಗಿ ನಿಲ್ಲಿಸಿದರು. ಸಕ್ಕರೆ ಕೆಲವು ತಿಂಗಳು ಚೆನ್ನಾಗಿರುತ್ತದೆ, ಕೆಲವು ತಿಂಗಳು ಏರುತ್ತದೆ. ಏರಿದಾಗ ಮೊದಲಿನಂತೆ ಪುಸ್ತಕ ಮುಚ್ಚಿಡುವುದಿಲ್ಲ. ಹೋದ ತಿಂಗಳು ತಮ್ಮನ ಮಗಳ ಮದುವೆಗೆ ಹೋಗಿದ್ದೆ. ಅರ್ಧ ಒಬ್ಬಟ್ಟು ತಿಂದೆ, ಅನ್ನ ಅಷ್ಟು ಕಡಿಮೆ ಮಾಡಿದೆ, ಪಕ್ಕದವರು ನೋಡಿದರೆ ನೋಡಲಿ ಎಂದುಕೊಂಡೆ.

ನೀವು ಇಂದು ಮನೆಗೆ ಹೋದ ಮೇಲೆ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರನ್ನು "ಶುಗರ್ ಎಷ್ಟಿದೆ?" ಎಂದು ಕೇಳುವ ಮೊದಲು "ಹೇಗಿದ್ದೀರಿ?" ಎಂದು ಕೇಳಿ. ಉತ್ತರ ಬರುವವರೆಗೆ ಕುಳಿತಿರಿ.



ಜೈ ಸಹಕಾರ.